ಪೋಲಿ ಕಾರ್ಟೂನೊಂದು ಆಟವಾದ ಬಗೆ

ಅಮೆರಿಕದ ‘ಸೌತ್ ಪಾರ್ಕ್’ ಕಾರ್ಟೂನಿನ ಒಂದು ಸಂಚಿಕೆಯನ್ನು ಬರೆದು, ಬಿಡಿಸಿ, ದನಿ ಕೊಟ್ಟು ಪ್ರಸಾರಕ್ಕೆ ಕಳಿಸಲು ಆರು ದಿನ ಸಾಕು. ಅದೇ ಊರು, ಅದೇ ಪೋರರು, ಅದೇ ಬಯ್ಗುಳಗಳನ್ನು ಇಟ್ಟುಕೊಂಡು ‘ದ ಸ್ಟಿಕ್ ಆಫ್ ಟ್ರೂತ್’ ಎಂಬ ವಿಡಿಯೊ ಗೇಮ್ ಕಟ್ಟುವುದಕ್ಕೆ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. 2009ರ ಸುಮಾರಿಗೆ ಮಾತುಕತೆ ಶುರುವಾಯಿತು, ಆಟ ಅಂಗಡಿಗೆ ಬಂದದ್ದು 2014ರ ಮಾರ್ಚ್‌ನಲ್ಲಿ. ನಡುವೆ ಪ್ರಕಾಶಕ ಸಂಸ್ಥೆಯೊಂದು ದಿವಾಳಿಯೂ ಆಯಿತು. ಟಿ.ವಿ.ಯಲ್ಲಿ ಗೀಚಿದಂತೆ ಕಾಣುವ ಕಾರ್ಟೂನನ್ನು ಆಟದಲ್ಲೂ ಹಾಗೆಯೇ ಗೀಚಿದಂತೆ ಕಾಣಿಸುವುದಕ್ಕೆ ಇಷ್ಟು ದುಡಿಮೆ ಬೇಕಾಯಿತೇ ಎಂದು ಕೇಳಬಹುದು. ಬೇಕಾಯಿತು. ಏಕೆ ಬೇಕಾಯಿತು ಎಂಬುದರಲ್ಲಿಯೇ ಆಟ ಕಟ್ಟುವವರು ಕಲಿಯಬೇಕಾದ ಬಹುಪಾಲು ಸಂಗತಿ ಅಡಗಿದೆ.

ನೋಡದವರಿಗಾಗಿ ನಾಲ್ಕು ಮಾತು. ಟ್ರೇ ಪಾರ್ಕರ್ ಮತ್ತು ಮ್ಯಾಟ್ ಸ್ಟೋನ್ ಎಂಬ ಇಬ್ಬರು ಗೆಳೆಯರು ಹುಟ್ಟುಹಾಕಿದ ಈ ಧಾರಾವಾಹಿ 1997ರ ಆಗಸ್ಟ್ 13ರಂದು ಕಾಮಿಡಿ ಸೆಂಟ್ರಲ್ ವಾಹಿನಿಯಲ್ಲಿ ಶುರುವಾಯಿತು. ಕೊಲರಾಡೊ ರಾಜ್ಯದ ಹಿಮ ಬೀಳುವ ಪುಟ್ಟ ಊರು, ಅಲ್ಲಿ ಸ್ಟಾನ್, ಕೈಲ್, ಕಾರ್ಟ್‌ಮನ್, ಕೆನ್ನಿ ಎಂಬ ನಾಲ್ವರು ಶಾಲಾ ಹುಡುಗರು. ಅವರ ಬಾಯಲ್ಲಿ ಬಾರದ ಹೊಲಸು ಮಾತಿಲ್ಲ. ಧರ್ಮ, ರಾಜಕಾರಣ, ಸಿನಿಮಾ ತಾರೆಯರು, ಯುದ್ಧ ಎಲ್ಲವನ್ನೂ ಆ ಮಕ್ಕಳ ಕಣ್ಣಿನಿಂದ ನೋಡಿ ಗೇಲಿ ಮಾಡುವುದು ಧಾರಾವಾಹಿಯ ಕಸುಬು. ಪಾರ್ಕರ್ ಮತ್ತು ಸ್ಟೋನ್ ಬರಹಗಾರರಷ್ಟೇ ಅಲ್ಲ, ಮುಖ್ಯ ಪಾತ್ರಗಳ ಬಹುತೇಕ ದನಿಯೂ ಅವರದೇ.

ಇದನ್ನು ಆಟವಾಗಿಸುವ ಯತ್ನ ಮೊದಲೇ ನಡೆದಿತ್ತು. 1998ರ ಕೊನೆಯಲ್ಲಿ ಅಕ್ಲೇಮ್ ಸಂಸ್ಥೆ ನಿಂಟೆಂಡೊ 64 ಯಂತ್ರಕ್ಕೆ ‘ಸೌತ್ ಪಾರ್ಕ್’ ಹೆಸರಿನ ಗುಂಡು ಹಾರಿಸುವ ಆಟವೊಂದನ್ನು ತಂದಿತು. ‘ಟ್ಯೂರೊಕ್’ ಎಂಬ ಡೈನೊಸಾರ್ ಬೇಟೆಯ ಆಟಕ್ಕೆ ಬಳಸಿದ್ದ ಎಂಜಿನ್, ಅಂದರೆ ಆಟವನ್ನು ನಡೆಸುವ ತಂತ್ರಾಂಶ, ಅದರ ತಳಹದಿ. ಬಂದೂಕಿನ ಬದಲು ಹಿಮದ ಉಂಡೆ, ಡೈನೊಸಾರ್‌ಗಳ ಬದಲು ಹುಚ್ಚೆದ್ದ ಟರ್ಕಿ ಕೋಳಿಗಳು. ಆಮೇಲೆ ಒಂದು ರಸಪ್ರಶ್ನೆಯ ಆಟ, ಒಂದು ಗಾಡಿ ಓಟದ ಆಟ ಬಂದವು. ಧಾರಾವಾಹಿಯ ಕರ್ತೃಗಳಿಗೇ ಅವು ಹಿಡಿಸಲಿಲ್ಲ. ತಪ್ಪು ಎಲ್ಲಿತ್ತು ಎನ್ನುವುದು ಈಗ ಸ್ಪಷ್ಟವಾಗಿ ಕಾಣುತ್ತದೆ: ಅವುಗಳಲ್ಲಿ ಆಟ ಮೊದಲೇ ಸಿದ್ಧವಿತ್ತು, ಸೌತ್ ಪಾರ್ಕ್ ಅದರ ಮೇಲೆ ಹೊದಿಸಿದ ಬಟ್ಟೆಯಾಗಿತ್ತು. ಕಾರ್ಟ್‌ಮನ್‌ನನ್ನು ತೆಗೆದು ಇನ್ಯಾವುದೋ ಗೊಂಬೆಯನ್ನು ಕೂರಿಸಿದರೂ ಗಾಡಿ ಅಷ್ಟೇ ವೇಗದಲ್ಲಿ ಓಡುತ್ತಿತ್ತು.

ಎರಡನೆಯ ಸುತ್ತಿನಲ್ಲಿ ಪಾರ್ಕರ್ ತಾವೇ ಅಬ್ಸಿಡಿಯನ್ ಎಂಟರ್‌ಟೇನ್‌ಮೆಂಟ್ ಎಂಬ ಕ್ಯಾಲಿಫೋರ್ನಿಯಾದ ಸ್ಟುಡಿಯೊವನ್ನು ಸಂಪರ್ಕಿಸಿದರು. ‘ನೆವರ್‌ವಿಂಟರ್ ನೈಟ್ಸ್ 2’, ‘ಫಾಲ್‌ಔಟ್: ನ್ಯೂ ವೇಗಸ್’ನಂಥ ರೋಲ್ ಪ್ಲೇಯಿಂಗ್ ಗೇಮ್‌ಗಳಿಗೆ ಹೆಸರಾದ ಮನೆ ಅದು. ಈ ಬಗೆಯ ಆಟದಲ್ಲಿ ಆಟಗಾರ ಒಂದು ಪಾತ್ರ ವಹಿಸಿ, ಊರು ಸುತ್ತಿ, ಜನರಿಂದ ಕೆಲಸ ಒಪ್ಪಿಕೊಂಡು, ಶತ್ರುಗಳೊಡನೆ ಕಾದಾಡಿ, ಮೆಟ್ಟಿಲು ಮೆಟ್ಟಿಲಾಗಿ ಬಲ ಹೆಚ್ಚಿಸಿಕೊಳ್ಳುತ್ತಾನೆ. ಕತ್ತಿ, ಕವಚ, ಮಂತ್ರ, ಮದ್ದು, ಅಂಗಡಿ, ಜೊತೆಗಾರರು ಇವೆಲ್ಲ ಅದರ ಮಾಮೂಲು ಸಾಮಗ್ರಿ. ಪಾರ್ಕರ್ ಹಾಕಿದ ಮುಖ್ಯ ಷರತ್ತು ಒಂದೇ: ಆಟ ಧಾರಾವಾಹಿಯ ಹಾಗೆಯೇ ಕಾಣಬೇಕು. ಅದಕ್ಕಿಂತ ಚೆನ್ನಾಗಿಯೂ ಕಾಣಕೂಡದು.

ಷರತ್ತಿಗಿಂತ ಮೊದಲು ಒಂದು ಮೂಲಪ್ರಶ್ನೆ ಬಗೆಹರಿಯಬೇಕಿತ್ತು. ಸೌತ್ ಪಾರ್ಕಿನ ಮಕ್ಕಳ ಕೈಗೆ ಕತ್ತಿ, ಮಂತ್ರದಂಡ ಹೇಗೆ ಬರುತ್ತವೆ? ಉತ್ತರ ಸರಳ, ಆದರೆ ಇಡೀ ಆಟ ನಿಂತಿರುವುದು ಅದರ ಮೇಲೆ. ಮಕ್ಕಳು ರಾಜ-ರಾಕ್ಷಸರ ಆಟ ಆಡುತ್ತಿದ್ದಾರೆ, ಅಷ್ಟೇ. ಕಾರ್ಟ್‌ಮನ್ ತನ್ನ ಮನೆಯ ಹಿತ್ತಲಲ್ಲಿ ಒಂದು ‘ಕೋಟೆ’ ಕಟ್ಟಿಕೊಂಡು ಮಾಂತ್ರಿಕ ದೊರೆಯಾಗಿದ್ದಾನೆ. ಕೈಲ್ ಎದುರು ಪಕ್ಷದ ಯಕ್ಷರ ರಾಜ. ಒಂದು ಮರದ ಕೋಲಿಗಾಗಿ ಎರಡು ಪಡೆಗಳ ನಡುವೆ ಯುದ್ಧ. ಅದನ್ನು ಹಿಡಿದವನಿಗೆ ಜಗತ್ತೇ ವಶ ಎಂದು ಮಕ್ಕಳು ನಂಬಿದ್ದಾರೆ. ಆ ಊರಿಗೆ ಹೊಸದಾಗಿ ಬಂದ ಹುಡುಗ ನಾವು.

ಈ ಒಂದು ತೀರ್ಮಾನದಿಂದ ಎಷ್ಟು ಬಾಗಿಲು ತೆರೆದವು ನೋಡಿ. ಆಯುಧವೆಂದರೆ ಬೇಸ್‌ಬಾಲ್ ಬ್ಯಾಟು, ಸುತ್ತಿಗೆ, ಚೆಂಡು. ಗಾಯ ವಾಸಿಮಾಡುವ ಮದ್ದು ಬೇಕೆ? ಕುರುಕು ತಿಂಡಿಯ ಪೊಟ್ಟಣವಿದೆ. ಆಯುಧದ ಅಂಗಡಿಯಲ್ಲಿ ಕೂತಿರುವವನು ಕ್ಲೈಡ್ ಎಂಬ ಸಹಪಾಠಿ. ದೊಡ್ಡ ನಕ್ಷೆಯ ಆಟಗಳಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಕ್ಷಣದಲ್ಲಿ ಹೋಗುವ ಸೌಲಭ್ಯ ಇದ್ದೇ ಇರುತ್ತದೆ. ಇಲ್ಲಿ ಗಾಲಿಕುರ್ಚಿಯ ಟಿಮ್ಮಿ ನಮ್ಮನ್ನು ಬಂಡಿಯಲ್ಲಿ ಕೂರಿಸಿಕೊಂಡು ಎಳೆದೊಯ್ಯುತ್ತಾನೆ. ಹೊಡೆದಾಟದಲ್ಲಿ ಒಬ್ಬೊಬ್ಬರೇ ಸರದಿಯಲ್ಲಿ ಏಟು ಹಾಕುವುದು ಹಳೆಯ ರೋಲ್ ಪ್ಲೇಯಿಂಗ್ ಗೇಮ್‌ಗಳ ರೂಢಿ. ನಿಜವಾದ ಜಗಳದಲ್ಲಿ ಯಾರು ಸರದಿಗೆ ಕಾಯುತ್ತಾರೆ ಎಂದು ಬೇರೆ ಆಟಗಳು ಕೇಳಿಕೊಳ್ಳುವುದಿಲ್ಲ. ಮಕ್ಕಳ ಆಟದಲ್ಲಿ ಮಾತ್ರ ಸರದಿ ನಿಜಕ್ಕೂ ಇರುತ್ತದೆ, ಅದನ್ನು ಮುರಿದವನ ಮೇಲೆ ಎಲ್ಲರೂ ಸಿಟ್ಟಾಗುತ್ತಾರೆ. ಆಟದ ನಿಯಮ ಕಥೆಯ ನಿಯಮವೂ ಆದದ್ದು ಹೀಗೆ. ಜನಪ್ರಿಯ ಕಥೆಯೊಂದನ್ನು ಆಟಕ್ಕೆ ತರಲು ಹೊರಟವರು ಮೊದಲು ಹುಡುಕಬೇಕಾದದ್ದು ಇಂಥ ಕೊಂಡಿಯನ್ನೇ, ಪಾತ್ರಗಳ ಪಟ್ಟಿಯನ್ನಲ್ಲ ಎಂದು ನಾನು ಬಲವಾಗಿ ನಂಬಿದ್ದೇನೆ.

ಇನ್ನು ರೂಪದ ಮಾತು. ಧಾರಾವಾಹಿಯ ಮೊದಲ ಸಂಚಿಕೆಯನ್ನು ಬಣ್ಣದ ಕಾಗದ ಕತ್ತರಿಸಿ, ತುಂಡುಗಳನ್ನು ಕೂದಲೆಳೆಯಷ್ಟು ಸರಿಸುತ್ತ, ಒಂದೊಂದೇ ಚಿತ್ರ ತೆಗೆದು ಮಾಡಿದ್ದರು. ಅದಕ್ಕೆ ಸುಮಾರು ಮೂರು ತಿಂಗಳು ಹಿಡಿದಿತ್ತು. ಆಮೇಲೆ ಕೆಲಸ ಕಂಪ್ಯೂಟರಿಗೆ ಹೋಯಿತು, ಆದರೆ ಕಾಗದದ ಚಹರೆ ಹಾಗೇ ಉಳಿಯಿತು. ಪಾತ್ರಗಳು ನಡೆಯುವುದಿಲ್ಲ, ಕುಪ್ಪಳಿಸುತ್ತವೆ. ಬಾಯಿ ಕೆಲವೇ ಆಕಾರಗಳಲ್ಲಿ ತೆರೆದು ಮುಚ್ಚುತ್ತದೆ. ಅಬ್ಸಿಡಿಯನ್ ಬಳಿ ಇದ್ದದ್ದು ‘ಡಂಜನ್ ಸೀಜ್ 3’ ಆಟಕ್ಕಾಗಿ ತಯಾರಾಗಿದ್ದ ಓನಿಕ್ಸ್ ಎಂಬ ಎಂಜಿನ್. ಆಳ-ಅಗಲವಿರುವ ಮೂರು ಆಯಾಮದ ಲೋಕ ಕಟ್ಟಲು ಮಾಡಿದ ಸಲಕರಣೆ ಅದು. ಅದರೊಳಗೆ ಚಪ್ಪಟೆ ಕಾಗದದ ಲೋಕವನ್ನು ನಿಲ್ಲಿಸಬೇಕು. ತೊಗಲುಗೊಂಬೆಯನ್ನು ಪರದೆಗೆ ಒತ್ತಿ ಹಿಡಿದಾಗಲಷ್ಟೇ ಅದು ಭೀಮನೋ ಹನುಮನೋ ಆಗಿ ಕಾಣುತ್ತದೆ, ಸ್ವಲ್ಪ ವಾಲಿದರೂ ಬರೀ ತೊಗಲು. ಈ ಪಾತ್ರಗಳ ಪಾಡೂ ಅದೇ. ಹಾಗಾಗಿ ಕ್ಯಾಮೆರಾ ಪಕ್ಕದಿಂದ ನೋಡುತ್ತ ಅಕ್ಕಪಕ್ಕಕ್ಕೆ ಸರಿಯುತ್ತದೆ, ಸುತ್ತುವುದಿಲ್ಲ.

ಕಾರ್ಟೂನಿನಲ್ಲಿ ಒಂದು ಪಾತ್ರದ ಒಂದು ವೇಷ ಬಿಡಿಸಿದರೆ ಆ ದೃಶ್ಯಕ್ಕೆ ಸಾಕು. ಆಟದಲ್ಲಿ ಹಾಗಲ್ಲ. ಆಟಗಾರ ಟೋಪಿ, ಕನ್ನಡಕ, ಗಡ್ಡ, ಅಂಗಿ, ಕೈಗವಸು, ಆಯುಧ ಎಲ್ಲವನ್ನೂ ತನಗೆ ಬೇಕಾದಂತೆ ಬದಲಿಸುತ್ತಾನೆ. ಯಾವ ಟೋಪಿಯ ಕೆಳಗೆ ಯಾವ ಕೂದಲು ಎಷ್ಟು ಕಾಣಬೇಕು, ಕೈ ಎತ್ತಿದಾಗ ಮೇಲಂಗಿ ಕತ್ತಿಯ ಮುಂದೆ ಬರಬೇಕೋ ಹಿಂದೆಯೋ ಎಂಬ ಲೆಕ್ಕ ಪ್ರತಿ ಜೋಡಣೆಗೂ ಸರಿಹೋಗಬೇಕು. ಇಷ್ಟೆಲ್ಲ ಮಾಡಿದ ಮೇಲೆ ಇನ್ನೊಂದು ಪ್ರಲೋಭನೆ ಕಾದಿರುತ್ತದೆ. ಚಲನೆಯನ್ನು ನಯಗೊಳಿಸುವುದು ಕಂಪ್ಯೂಟರಿಗೆ ಸುಲಭ, ಕಲಾವಿದರಿಗೆ ಅದು ಅಭ್ಯಾಸ. ಇಲ್ಲಿ ನಯವಾದದ್ದೆಲ್ಲ ತಪ್ಪು. ಹೊರಗಿನವರಿಗೆ ಸೋಮಾರಿ ಕೆಲಸದಂತೆ ಕಾಣುವ ಈ ಒರಟುತನವನ್ನು ಕಾಯ್ದುಕೊಂಡದ್ದೇ ಅಬ್ಸಿಡಿಯನ್ ಕಲಾವಿದರ ದೊಡ್ಡ ಸಾಧನೆ. ಆಡುವವನನ್ನು ಪಕ್ಕದಲ್ಲಿ ಕೂತು ನೋಡುತ್ತಿರುವವರಿಗೆ ಇದು ಆಟವೋ ಸಂಚಿಕೆಯೋ ಎಂದು ಥಟ್ಟನೆ ತಿಳಿಯುವುದಿಲ್ಲ.

ಊರಿನ ನಕ್ಷೆಯದು ಬೇರೆಯೇ ಕಷ್ಟ. ಧಾರಾವಾಹಿಯಲ್ಲಿ ಕಾರ್ಟ್‌ಮನ್ ಮನೆಯಿಂದ ಶಾಲೆಗೆ ಎಷ್ಟು ದೂರ ಎಂದು ಯಾರೂ ಗೊತ್ತುಮಾಡಿರಲಿಲ್ಲ. ದೃಶ್ಯ ಬದಲಾದರೆ ಸಾಕು, ಪಾತ್ರ ಅಲ್ಲಿರುತ್ತದೆ. ಆಟದಲ್ಲಿ ಹುಡುಗ ಬೀದಿಯುದ್ದಕ್ಕೂ ನಡೆದೇ ಹೋಗಬೇಕು. ಯಾರ ಮನೆ ಯಾರ ಪಕ್ಕದಲ್ಲಿ, ಚರ್ಚು ಯಾವ ಬೀದಿಯಲ್ಲಿ, ಅಂಗಡಿ ಸಾಲಿನ ಹಿಂದೆ ಏನು ಎಂಬುದನ್ನೆಲ್ಲ ಹಳೆಯ ಸಂಚಿಕೆಗಳಿಂದ ಹೆಕ್ಕಿ, ಮೊದಲ ಬಾರಿಗೆ ಊರಿಗೊಂದು ನಕ್ಷೆ ಮಾಡಿದರು. ಧಾರಾವಾಹಿ ಹದಿನೈದು ವರ್ಷ ನಡೆದ ಮೇಲೆ ಊರು ನಿಜವಾಗಿ ಊರಾದದ್ದು ಆಟದಿಂದ ಎನ್ನಬಹುದು. ಕೆನಡಾಕ್ಕೆ ಹೋಗುವ ಭಾಗವಂತೂ ಬಲು ಜಾಣತನದ್ದು. ಧಾರಾವಾಹಿಯಲ್ಲಿ ಕೆನಡಾದವರನ್ನು ಉಳಿದವರಿಗಿಂತ ಇನ್ನಷ್ಟು ಒಡ್ಡಾಗಿ ಬಿಡಿಸುತ್ತಾರೆ. ಆಟದಲ್ಲಿ ಗಡಿ ದಾಟಿದೊಡನೆ ಇಡೀ ತೆರೆ 1980ರ ದಶಕದ, ಮೇಲಿನಿಂದ ನೋಡುವ ಚೌಕುಳಿ ಚೌಕುಳಿಯ ಆಟದ ರೂಪಕ್ಕೆ ತಿರುಗುತ್ತದೆ. ಹಳೆಯ ನಗೆಯೊಂದನ್ನು ಮಾತಿನಿಂದಲ್ಲದೆ ಆಟದ ಚರಿತ್ರೆಯಿಂದಲೇ ಮತ್ತೆ ಹೇಳಿದ ರೀತಿ ಅದು.

ನಾಯಕ ಮಾತನಾಡುವುದಿಲ್ಲ. ‘ಜೆಲ್ಡಾ’ ಆಟಗಳ ನಾಯಕನಂತೆ ಮೌನಿ. ಕಾರಣ ನೇರವಾದದ್ದು. ಹಾಸ್ಯಕ್ಕೆ ಬೇಕಾದದ್ದು ಹೊತ್ತರಿತ ಮಾತು, ಆಟಗಾರನ ಕೈಗೆ ಮಾತು ಕೊಟ್ಟರೆ ಆ ಹೊತ್ತು ಕೈಬಿಟ್ಟುಹೋಗುತ್ತದೆ. ಹುಡುಗ ಸುಮ್ಮನಿದ್ದಷ್ಟೂ ಸುತ್ತಲಿನವರು ಹೆಚ್ಚು ಮಾತನಾಡುತ್ತಾರೆ, ಅವನ ಮೌನವನ್ನೇ ಹಂಗಿಸುತ್ತಾರೆ. ಆರಂಭದಲ್ಲಿ ನಿನ್ನ ಹೆಸರೇನು ಎಂದು ಕೇಳುತ್ತಾರೆ. ನೀವು ಏನೇ ಬರೆದರೂ ಕಾರ್ಟ್‌ಮನ್ ಅದನ್ನು ತಳ್ಳಿಹಾಕಿ ಒಂದು ಬಯ್ಗುಳವನ್ನೇ ಹೆಸರಾಗಿ ಇಡುತ್ತಾನೆ, ಆಟದುದ್ದಕ್ಕೂ ಅದೇ ಹೆಸರು. ಬೇರೆಲ್ಲ ಆಟಗಳು ಆಟಗಾರನನ್ನು ಲೋಕೋದ್ಧಾರಕನೆಂದು ಸ್ವಾಗತಿಸುತ್ತವೆ. ಇಲ್ಲಿ ಆ ಸ್ವಾಗತದ ಹೊತ್ತಿನಲ್ಲೇ ಅವಮಾನ, ಧಾರಾವಾಹಿಯ ಜಾಯಮಾನಕ್ಕೆ ಹೊಂದುವುದೂ ಅದೇ.

ಇದರ ಬೆನ್ನಿಗೇ ಪಾತ್ರದ ವರ್ಗ ಆರಿಸುವ ತೆರೆ ಬರುತ್ತದೆ. ಯೋಧ, ಕಳ್ಳ, ಮಾಂತ್ರಿಕ ಇವು ಯಾವ ಆಟದಲ್ಲೂ ಇರುವಂಥವು. ನಾಲ್ಕನೆಯದು ‘ಯಹೂದಿ’. ಧಾರಾವಾಹಿ ನೋಡಿದವರಿಗೆ ಇದು ಯಾರ ಬಾಯಿಂದ ಬಂದದ್ದೆಂದು ಕೂಡಲೇ ಗೊತ್ತಾಗುತ್ತದೆ. ಕಾರ್ಟ್‌ಮನ್‌ಗೆ ಯಹೂದ್ಯರ ಮೇಲೆ ಇರುವ ದ್ವೇಷ ಧಾರಾವಾಹಿಯ ಹಳೆಯ ಎಳೆ, ಅವನ ಮುಖ್ಯ ಎದುರಾಳಿ ಕೈಲ್ ಯಹೂದಿ. ಟಿ.ವಿ.ಯಲ್ಲಿ ಕಾರ್ಟ್‌ಮನ್ ಏನಾದರೂ ಅಂದಾಗ ಪಕ್ಕದವರ ಮುಖ ಸಿಂಡರಿಸುವುದು ಕಾಣುತ್ತದೆ, ಮಾತು ಅವನದೇ ಹೊರತು ಬರೆದವರದಲ್ಲ ಎಂದು ನೋಡುಗನಿಗೆ ತಿಳಿಯುತ್ತದೆ. ಆಟದ ಮೆನುವಿಗೆ ಮಾತ್ರ ಮುಖವಿಲ್ಲ, ಅದನ್ನು ನಾವು ಆಟ ಕಟ್ಟಿದವರ ಮಾತೆಂದೇ ಓದುತ್ತೇವೆ. ಆ ಅಪಾಯವನ್ನು ತಂಡ ತಪ್ಪಿಸಿದ್ದು ಮೆನುವಿನ ಹೊತ್ತಿಗೂ ಕಾರ್ಟ್‌ಮನ್‌ನ ದನಿಯನ್ನು ಕೂಡಿಸಿ. ಆಟದ ಪಾಠ ಹೇಳಿಕೊಡುವವನೂ ಅವನೇ, ನಿಯಮ ವಿವರಿಸುವವನೂ ಅವನೇ, ಜಂಬಗಾರ ಪುಂಡನೊಬ್ಬ ನಮ್ಮ ಗುರು. ಹೊಲಸು ಹಾಸ್ಯವನ್ನು ಆಟಕ್ಕೆ ತರುವವರಿಗೆ ಇದಕ್ಕಿಂತ ಉಪಯುಕ್ತ ಪಾಠ ಇನ್ನೊಂದಿಲ್ಲ: ಪ್ರತಿ ಸಾಲಿಗೂ ಅದನ್ನಾಡುವ ಬಾಯಿ ಎದುರಿಗೆ ಕಾಣಬೇಕು, ಇಲ್ಲದಿದ್ದರೆ ಗೇಲಿ ಬರೀ ಬೈಗುಳವಾಗಿ ಉಳಿಯುತ್ತದೆ.

ಕಾದಾಟದ ವ್ಯವಸ್ಥೆ ‘ಪೇಪರ್ ಮಾರಿಯೊ’ ಎಂಬ ಜಪಾನಿ ಆಟದಿಂದ ಪಾಠ ಕಲಿತದ್ದು. ಸರದಿ ಬಂದಾಗ ಏಟು ಆರಿಸಿದರಷ್ಟೇ ಸಾಲದು, ಆಯುಧ ಮಿನುಗಿದ ಕ್ಷಣಕ್ಕೆ ಸರಿಯಾಗಿ ಬಟನ್ ಒತ್ತಬೇಕು. ಎದುರಾಳಿ ಹೊಡೆಯುವಾಗಲೂ ಹೊತ್ತರಿತು ಒತ್ತಿದರೆ ಏಟಿನ ಜೋರು ಕಡಿಮೆಯಾಗುತ್ತದೆ. ಸರದಿಯ ಆಟದಲ್ಲಿ ಕೈಕಟ್ಟಿ ಕೂರುವ ಬೇಸರ ಹೀಗೆ ನೀಗುತ್ತದೆ, ಜೊತೆಗೆ ನಗೆಯ ಹೊತ್ತೂ ಆಟದ ಹೊತ್ತೂ ಒಂದೇ ತಾಳಕ್ಕೆ ಬರುತ್ತವೆ. ವಿಷ, ಬೆಂಕಿಯ ಹಾನಿಗಳ ಜೊತೆಗೆ ‘ಹೇಸಿಗೆ’ ಎಂಬುದೂ ಒಂದು ಸ್ಥಿತಿ: ಅದು ಹಿಡಿದವನು ವಾಂತಿ ಮಾಡುತ್ತಿರುತ್ತಾನೆ, ತಿಂಡಿ ತಿಂದು ಚೇತರಿಸಿಕೊಳ್ಳಲಾರ. ಮಂತ್ರಶಕ್ತಿಯೆಂದರೆ ಹೂಸು. ಇದನ್ನು ಬರೀ ಪೋಲಿತನ ಎಂದು ಬದಿಗಿಡಬೇಡಿ. ಈ ಶಕ್ತಿಯಿಂದ ಬೆಂಕಿ ಹೊತ್ತಿಸಬಹುದು, ಅಡ್ಡಿ ಒಡೆಯಬಹುದು, ಕಾವಲುಗಾರನ ಗಮನ ಬೇರೆಡೆ ಸೆಳೆಯಬಹುದು. ಹೊಲಸು ಮಾತು ಕೇಳಿ ಒಮ್ಮೆ ನಗುತ್ತೇವೆ. ಹೊಲಸು ಒಂದು ಕೀಲಿಯಾಗಿ ಬಾಗಿಲು ತೆರೆಯತೊಡಗಿದರೆ ಅದು ಆಟದೊಳಗೆ ಕೆಲಸಕ್ಕೆ ಬಂತು ಎಂದರ್ಥ.

ಆದರೂ ನಗೆಗೆ ಆಟದಲ್ಲಿ ಒಂದು ದೊಡ್ಡ ಶತ್ರುವಿದೆ, ಅದು ಪುನರಾವರ್ತನೆ. ಸಂಚಿಕೆಯಲ್ಲಿ ಒಂದು ಮಾತು ಒಮ್ಮೆ ಬಂದು ಹೋಗುತ್ತದೆ. ಆಟದಲ್ಲಿ ಅದೇ ಏಟಿನ ದೃಶ್ಯವನ್ನು ಆಟಗಾರ ಮತ್ತೆ ಮತ್ತೆ ನೋಡುತ್ತಾನೆ. ಸೋತು ಮರಳಿ ಆಡಿದರೆ ಅದೇ ಮಾತು ಇನ್ನೊಮ್ಮೆ. ಅದಕ್ಕೇ ಅತಿ ಉದ್ದದ, ಅತಿ ವಿಕಾರದ ದೃಶ್ಯಗಳನ್ನು ಅಪರೂಪಕ್ಕೆ ಇಟ್ಟಿದ್ದಾರೆ. ಧಾರಾವಾಹಿಯ ಪಾತ್ರಗಳಾದ ಏಸು, ಮಿಸ್ಟರ್ ಹ್ಯಾಂಕಿ ಮೊದಲಾದವರನ್ನು ನೆರವಿಗೆ ಕರೆಯಬಹುದು, ದಿನಕ್ಕೆ ಒಮ್ಮೆ ಮಾತ್ರ, ಅದೂ ದೊಡ್ಡ ಖಳರ ಎದುರು ಕರೆಯುವಂತಿಲ್ಲ. ಸಮತೋಲನದ ಲೆಕ್ಕಕ್ಕೂ ಇದು ಬೇಕು, ನಗೆ ಹಳಸದಿರಲೂ ಬೇಕು. ಇಷ್ಟಾಗಿಯೂ ಆಟದ ಕೊನೆಯ ಭಾಗದಲ್ಲಿ ಕಾದಾಟ ತೀರಾ ಸುಲಭವಾಗಿಬಿಡುತ್ತದೆ. ನುರಿತ ಆಟಗಾರರು ಹೇಳುವ ಈ ದೂರು ನ್ಯಾಯವಾದದ್ದೇ. ಕಷ್ಟದ ಆಟದಲ್ಲಿ ಸೋಲು ಹೆಚ್ಚು, ಸೋಲು ಹೆಚ್ಚಾದರೆ ಕೇಳಿದ ನಗೆಯನ್ನೇ ಮತ್ತೆ ಕೇಳಬೇಕು. ಎರಡರಲ್ಲಿ ಒಂದನ್ನು ಆರಿಸಬೇಕಾದಾಗ ತಂಡ ನಗೆಯನ್ನು ಉಳಿಸಿಕೊಂಡಿತು. ನಾನಾದರೂ ಅದನ್ನೇ ಆರಿಸುತ್ತಿದ್ದೆ.

ಆರು ದಿನದ ಸಂಚಿಕೆಗೂ ನಾಲ್ಕು ವರ್ಷದ ಆಟಕ್ಕೂ ನಡುವಿನ ಅಂತರ ತೀವ್ರವಾಗಿ ತಾಕುವುದು ಬರವಣಿಗೆಗೆ. ಮಂಗಳವಾರದ ಸುದ್ದಿಯನ್ನು ಬುಧವಾರ ಗೇಲಿ ಮಾಡಬಲ್ಲದ್ದು ಧಾರಾವಾಹಿಯ ಬಲ. ಪ್ರಸಾರದ ಹಿಂದಿನ ರಾತ್ರಿಯೂ ಒಂದು ದೃಶ್ಯವನ್ನು ಕಿತ್ತು ಬೇರೆ ಬರೆಯುತ್ತಾರೆ. ಆಟದಲ್ಲಿ ಒಂದು ದೃಶ್ಯ ಕಿತ್ತರೆ ಅದಕ್ಕೆ ಅಂಟಿದ ನಕ್ಷೆ, ಕಾದಾಟ, ಉಳಿಸಿದ ಆಟದ ದಾಖಲೆ, ಪರೀಕ್ಷೆ ಎಲ್ಲವೂ ಅಲುಗಾಡುತ್ತವೆ. ಬಿಡುಗಡೆಯ ದಿನಾಂಕ ಪದೇ ಪದೇ ಮುಂದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಹೊಸ ಸುದ್ದಿಯನ್ನು ಹಿಡಿಯಲಾಗದ ಆಟ ಹಳೆಯ ನೆನಪನ್ನು ಹಿಡಿಯಿತು. ಒಳಉಡುಪು ಕದಿಯುವ ಕುಳ್ಳರು, ಅಮೆರಿಕದ ಮಾಜಿ ಉಪಾಧ್ಯಕ್ಷ ಅಲ್ ಗೋರ್ ಬೆನ್ನಟ್ಟುವ ಅರ್ಧ ಮನುಷ್ಯ ಅರ್ಧ ಕರಡಿ ಅರ್ಧ ಹಂದಿಯ ಕಾಲ್ಪನಿಕ ಪ್ರಾಣಿ, ಅಲ್ಲಲ್ಲಿ ಅಡಗಿಸಿಟ್ಟ, ಪೊಕೆಮಾನ್‌ನ ಅಣಕವಾದ 30 ಚಿನ್‌ಪೊಕೊಮನ್ ಗೊಂಬೆಗಳು, ಹೀಗೆ ಹಳೆಯ ಸಂಚಿಕೆಗಳ ಸಾಮಗ್ರಿ ಮೂಲೆ ಮೂಲೆಯಲ್ಲೂ ಇದೆ. ಯಾರದೋ ಮನೆಯ ಕಪಾಟು ತೆರೆದರೂ ಯಾವುದೋ ಸಂಚಿಕೆಯ ವಸ್ತು ಸಿಗುತ್ತದೆ. ಹಣ ತೆತ್ತು ಅಭಿಮಾನಿಗಳು ಕೊಳ್ಳುವುದು ಇದನ್ನೇ. ಧಾರಾವಾಹಿ ಗೊತ್ತಿಲ್ಲದವರಿಗೆ ಆಟದ ಅರ್ಧ ರುಚಿ ಸಿಗದು ಎಂಬುದೂ ನಿಜ.

ನಡುವೆ 2012ರ ಡಿಸೆಂಬರ್‌ನಲ್ಲಿ ಪ್ರಕಾಶಕ ಸಂಸ್ಥೆ ಟಿಎಚ್‌ಕ್ಯೂ ದಿವಾಳಿ ಅರ್ಜಿ ಹಾಕಿತು. ಮುಂದಿನ ತಿಂಗಳು ಅದರ ಆಸ್ತಿಗಳ ಹರಾಜು. ಯೂಬಿಸಾಫ್ಟ್ ಎಂಬ ಇನ್ನೊಂದು ಪ್ರಕಾಶಕ ಸಂಸ್ಥೆ ಈ ಆಟದ ಹಕ್ಕನ್ನು 32.65 ಲಕ್ಷ ಡಾಲರಿಗೆ ಕೊಂಡಿತು. ನಮ್ಮ ಒಪ್ಪಿಗೆ ಇಲ್ಲದೆ ಹಕ್ಕು ಮಾರುವಂತಿಲ್ಲ ಎಂದು ಸೌತ್ ಪಾರ್ಕ್ ಸ್ಟುಡಿಯೊ ನ್ಯಾಯಾಲಯದಲ್ಲಿ ಆಕ್ಷೇಪ ಎತ್ತಿತು, ಕೊನೆಗೆ ರಾಜಿಯಾಯಿತು. ಬೇರೆಯವರ ಕಥೆಯನ್ನು ಆಟವಾಗಿಸುವ ಸ್ಟುಡಿಯೊ ಎಷ್ಟು ಜನರ ಕೈಯಲ್ಲಿ ಸಿಕ್ಕಿಕೊಂಡಿರುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಕಥೆ ಒಬ್ಬರದು, ಹಣ ಇನ್ನೊಬ್ಬರದು, ಕೆಲಸ ಮೂರನೆಯವರದು.

ಆಟ ಮುಗಿದ ಮೇಲೂ ತೊಡಕು ಮುಗಿಯಲಿಲ್ಲ. ಅನ್ಯಗ್ರಹದವರು ಹುಡುಗನನ್ನು ಹೊತ್ತೊಯ್ದು ಹಿಂಸಿಸುವ ದೃಶ್ಯ ಮತ್ತು ಗರ್ಭಪಾತದ ಚಿಕಿತ್ಸಾಲಯದ ದೃಶ್ಯ ಹಲವು ದೇಶಗಳಲ್ಲಿ ಕತ್ತರಿಗೆ ಸಿಕ್ಕವು. ಆಸ್ಟ್ರೇಲಿಯಾದ ವರ್ಗೀಕರಣ ಮಂಡಳಿ ಮೂಲ ರೂಪಕ್ಕೆ ಅನುಮತಿ ನಿರಾಕರಿಸಿತು. ಯುರೋಪಿನ ಕನ್ಸೋಲ್ ಆವೃತ್ತಿಗಳಲ್ಲಿ ಯೂಬಿಸಾಫ್ಟ್ ತಾನಾಗಿಯೇ ಅವನ್ನು ತೆಗೆಯಿತು, ಕಂಪ್ಯೂಟರ್ ಆವೃತ್ತಿಯಲ್ಲಿ ಉಳಿಸಿತು. ಕತ್ತರಿಸಿದ ಜಾಗವನ್ನು ಖಾಲಿ ಬಿಡಲಿಲ್ಲ. ಆಸ್ಟ್ರೇಲಿಯಾದಲ್ಲಿ ಅಳುತ್ತಿರುವ ಕೋಆಲಾ, ಯುರೋಪಿನಲ್ಲಿ ಹಣೆಗೆ ಕೈಹಚ್ಚಿದ ಶಿಲ್ಪದ ಚಿತ್ರವಿಟ್ಟು, ಇಲ್ಲಿ ಏನು ನಡೆಯಬೇಕಿತ್ತು ಎಂದು ಅಕ್ಷರಗಳಲ್ಲಿ ವಿವರಿಸಿದರು. ಜರ್ಮನಿಯಲ್ಲಿ ಹಿಟ್ಲರ್ ಪಕ್ಷದ ಸ್ವಸ್ತಿಕ ಚಿಹ್ನೆಗಳನ್ನು ಅಳಿಸಬೇಕಾಯಿತು. ಸಿನಿಮಾಗಳಿಗೆ ಕಲೆಯ ಹೆಸರಿನಲ್ಲಿ ಇದ್ದ ರಿಯಾಯಿತಿ ಅಲ್ಲಿ ಆಟಗಳಿಗೆ ಸಿಕ್ಕಿದ್ದು 2018ರಲ್ಲಿ.

ಟಿ.ವಿ.ಯಲ್ಲಿ ಇದೇ ಧಾಟಿಯ ಸಂಚಿಕೆಗಳು ಪ್ರಸಾರವಾಗಿವೆ, ಆಟಕ್ಕೆ ಮಾತ್ರ ಏಕೆ ಈ ಕಟ್ಟುನಿಟ್ಟು? ಟಿ.ವಿ.ಯಲ್ಲಿ ನಾವು ನೋಡುತ್ತೇವೆ, ಆಟದಲ್ಲಿ ಬಟನ್ ಒತ್ತುವವರು ನಾವು. ಆ ದೃಶ್ಯಗಳಲ್ಲಿ ಆಟಗಾರನ ಬೆರಳಿಗೇ ಕೆಲಸವಿದೆ. ಮಂಡಳಿಗಳ ತೀರ್ಪನ್ನು ಒಪ್ಪಬೇಕಿಲ್ಲ, ನಾನೂ ಪೂರ್ತಿ ಒಪ್ಪುವುದಿಲ್ಲ. ಆದರೆ ನೋಡುವುದಕ್ಕೂ ಮಾಡುವುದಕ್ಕೂ ಇರುವ ವ್ಯತ್ಯಾಸವನ್ನು ಅವು ಸರಿಯಾಗಿಯೇ ಗುರುತಿಸಿದವು. ಹೊಲಸು ಹಾಸ್ಯವನ್ನು ಆಟಕ್ಕೆ ತರುವ ಬರಹಗಾರ ಪ್ರತಿ ದೃಶ್ಯಕ್ಕೂ ಈ ಪ್ರಶ್ನೆಯನ್ನು ಮೊದಲೇ ಹಾಕಿಕೊಂಡರೆ ಕೊನೆಯ ಗಳಿಗೆಯ ಕತ್ತರಿ ತಪ್ಪುತ್ತದೆ.

ಆ ವ್ಯತ್ಯಾಸವನ್ನೇ ಬಂಡವಾಳ ಮಾಡಿಕೊಂಡದ್ದು 2017ರ ಮುಂದಿನ ಭಾಗ, ‘ದ ಫ್ರಾಕ್ಚರ್ಡ್ ಬಟ್ ಹೋಲ್’. ಇದನ್ನು ಕಟ್ಟಿದವರು ಯೂಬಿಸಾಫ್ಟ್‌ನ ಸ್ಯಾನ್ ಫ್ರಾನ್ಸಿಸ್ಕೊ ಸ್ಟುಡಿಯೊದವರು. ಮಕ್ಕಳು ಈಗ ಸೂಪರ್‌ಹೀರೊ ಆಟ ಆಡುತ್ತಿದ್ದಾರೆ, ಕಾದಾಟ ಚೌಕಗಳ ಮೇಲೆ ನಡೆಯುತ್ತದೆ, ಎಲ್ಲಿ ನಿಲ್ಲುತ್ತೇವೆ ಎಂಬುದು ಮುಖ್ಯ. ಆರಂಭದಲ್ಲಿ ಆಟ ಎಷ್ಟು ಕಷ್ಟವಿರಬೇಕು ಎಂದು ಆರಿಸುವ ಪಟ್ಟಿ ಬರುತ್ತದೆ. ಗುಂಡಿಯನ್ನು ಕಷ್ಟದ ಕಡೆಗೆ ಜರುಗಿಸಿದಂತೆ ಹುಡುಗನ ಮೈಬಣ್ಣ ಕಪ್ಪಾಗುತ್ತ ಹೋಗುತ್ತದೆ. ಕಾದಾಟಕ್ಕೆ ಇದರಿಂದ ವ್ಯತ್ಯಾಸವಿಲ್ಲ, ಬದುಕಿನ ಉಳಿದೆಲ್ಲಕ್ಕೂ ಇದೆ ಎಂಬರ್ಥದ ಮಾತನ್ನು ಕಾರ್ಟ್‌ಮನ್ ಆಡುತ್ತಾನೆ. ಅಮೆರಿಕದ ವರ್ಣಭೇದದ ಮೇಲೆ ಇಡೀ ಸಂಚಿಕೆ ಹೇಳಬಹುದಾದದ್ದನ್ನು ಒಂದು ಜಾರುಗುಂಡಿ ಹೇಳಿತು, ಅದನ್ನು ಜಾರಿಸಿದ ಬೆರಳು ಆಟಗಾರನದು. ಎರಡೂ ಆಟಗಳಲ್ಲಿ ನನಗೆ ಅತಿ ಶ್ರೇಷ್ಠವೆನಿಸುವ ಗಳಿಗೆ ಇದು.

2024ರ ಮಾರ್ಚ್‌ನಲ್ಲಿ ಬಂದ ‘ಸ್ನೋ ಡೇ’ ಬೇರೆ ದಾರಿ ಹಿಡಿಯಿತು. ಕಾಗದದ ಚಪ್ಪಟೆ ರೂಪ ಬಿಟ್ಟು ಮೂರು ಆಯಾಮಕ್ಕೆ ಹೋಯಿತು, ಸರದಿ ಬಿಟ್ಟು ನಾಲ್ವರು ಗೆಳೆಯರು ಅಂತರ್ಜಾಲದಲ್ಲಿ ಒಟ್ಟಿಗೆ ನುಗ್ಗಿ ಹೊಡೆಯುವ ಆಟವಾಯಿತು. ವಿಮರ್ಶಕರ ಅಭಿಪ್ರಾಯ ಇಬ್ಭಾಗವಾಯಿತು. ದುಂಡಗಾದ ಕಾರ್ಟ್‌ಮನ್‌ನನ್ನು ನೋಡಿದರೆ 1998ರ ಹಿಮದ ಉಂಡೆಯ ಆಟವೇ ಕಣ್ಣಮುಂದೆ ಬರುತ್ತದೆ. ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ನಾಲ್ವರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಬ್ಬರಿಗೊಬ್ಬರು ಕೂಗಾಡುತ್ತ ಆಡುವಾಗ ಪಾತ್ರಗಳು ಆಡುವ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಕೇಳಿಸಿಕೊಳ್ಳಲು ಪುರುಸೊತ್ತು ಕೊಡದ ಆಟದಲ್ಲಿ ಎಷ್ಟು ಒಳ್ಳೆಯ ಬಯ್ಗುಳ ಬರೆದರೂ ಅದು ಗದ್ದಲದಲ್ಲಿ ಮುಳುಗಿಹೋಗುತ್ತದೆ.